ನೊಂದ ತಾಯಿಯ ಹೆಸರಲ್ಲಿ

ಮಂಗಳವಾರ ಬೆಳಗ್ಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಅಂಗಿಯ ತೋಳಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಅದು ಅವಳದ್ದಲ್ಲ, ಅವಳ ಅಕ್ಕನದು.

ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರ ಮಕ್ಕಳನ್ನು ಸಂಜೆವರೆಗೆ ನೋಡಿಕೊಳ್ಳುವ ಶಿಶುಮನೆ ಅವಳದು. ನೆಲಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ. ಜೊತೆಗಿದ್ದವಳು ಅಕ್ಕ ಒಬ್ಬಳೇ. ಹಿಂದಿನ ಸಂಜೆ ಗೇಟಿನ ಮುಂದೆ ಜನ ಸೇರಿದ್ದರು. ಕಲ್ಲು ಬಿತ್ತು. ಕಿಟಕಿಯ ಪಕ್ಕದ ತೊಟ್ಟಿಲು ಎಳೆಯಲು ಹೋದ ಅಕ್ಕನ ಬಲಗಣ್ಣಿಗೆ ಗಾಜು ಹೊಕ್ಕಿತ್ತು.

"ತೊಟ್ಟಿಲಲ್ಲಿ ಮಗು ಇತ್ತಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಇತ್ತು ಮೇಡಂ. ಅದಕ್ಕೇನೂ ಆಗಿಲ್ಲ."

"ಜನ ಯಾಕೆ ಬಂದ್ರು?"

ಹೆಂಗಸು ಫೋನು ಮುಂದಿಟ್ಟಳು. 'ನಮ್ಮ ಬಡಾವಣೆ' ಅನ್ನುವ ವಾಟ್ಸಾಪ್ ಗುಂಪು. ಅದರಲ್ಲಿ 'ನೊಂದ ತಾಯಿ' ಅನ್ನುವ ಹೆಸರಿನಿಂದ ಬಂದಿದ್ದ ಸಂದೇಶ: "ಆ ಶಿಶುಮನೇಲಿ ಆಲಲ್ಲಿ ನಿದ್ದೆ ಔಷಧ ಆಕಿ ಮಕ್ಕಳನ್ನ ಮಲಗಿಸ್ತಾರೆ. ನನ್ನ ಕಂದ ಎಣದಂಗೆ ಬಿದ್ದಿತ್ತು. ಬಡವಳ ಮಾತು ಯಾರ್ ಕೇಳ್ತಾರೆ. ಎಲ್ರೂ ಉಷಾರು."

ಅದರ ಕೆಳಗೆ ಬಡಾವಣೆಯ ಸಭ್ಯರೆಲ್ಲ ಸಾಲುಗಟ್ಟಿದ್ದರು. ಕೈ ಮುಗಿದ ಚಿತ್ರ, ಅಳುವ ಮುಖ, ಬೆಂಕಿಯ ಚಿತ್ರ. "ಖಚಿತವಾಗಿ ಗೊತ್ತಿಲ್ಲ, ಬಂದದ್ದನ್ನು ಹಂಚಿದ್ದೇನೆ." "ಇಂಥವರನ್ನು ಸುಮ್ಮನೆ ಬಿಡಬೇಕಾ?" "ಇವತ್ತು ಸಂಜೆ ಆರಕ್ಕೆ ಗೇಟಿನ ಹತ್ತಿರ. ಶಾಂತಿಯುತವಾಗಿ." ಆ ಕೊನೆಯ ಪದಕ್ಕೆ ಇನ್‌ಸ್ಪೆಕ್ಟರ್ ಮೂಗಿನಲ್ಲೇ ನಕ್ಕಳು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳದ ಪಂಚನಾಮೆ ನಡೆಯಿತು. ಗಾಜಿನ ಚೂರು, ಎಂಟು ಕಲ್ಲು, ತೊಟ್ಟಿಲಿನ ರಕ್ತದ ಬಟ್ಟೆ ವಶಕ್ಕೆ ಬಂದವು. ಅಡುಗೆಮನೆಯ ಹಾಲು, ಹಾಲಿನ ಪುಡಿ ಪರೀಕ್ಷೆಗೆ ಹೋದವು. ಅಲ್ಲಿ ಬಿಡುತ್ತಿದ್ದ ಮಕ್ಕಳ ಅಮ್ಮಂದಿರನ್ನೆಲ್ಲ ದಫೇದಾರ ವಿಚಾರಿಸಿ ಬಂದ. ನೊಂದ ತಾಯಿ ಅವರಲ್ಲಿ ಯಾರೂ ಅಲ್ಲ.

ಬುಧವಾರ, ಗೇಟಿನೆದುರಿನ ಕ್ಯಾಮೆರಾದಲ್ಲಿ ಮುಖ ಕಂಡವರನ್ನು ಠಾಣೆಗೆ ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಬಂದವರ ಹಾಗೆ ಬಂದರು. ಅವರಲ್ಲಿ ಟೈಲ್ಸ್ ಅಂಗಡಿಯವನೊಬ್ಬ ಮೊದಲು ಬಾಯಿ ಬಿಟ್ಟ.

"ನಾನು ಬರೀ ಒಂದು ಪ್ರಶ್ನೆ ಕೇಳಿದ್ದೆ ಮೇಡಂ. ಕೇಳೋದೂ ತಪ್ಪಾ?"

"ಏನ್ ಕೇಳಿದ್ರಿ? ಜೋರಾಗಿ ಓದಿ."

ಅವನು ಫೋನು ತೆಗೆದ. ಗಂಟಲು ಸರಿಮಾಡಿಕೊಂಡ. "ಇವಳ... ಇವಳ ಕೈ..." ಅಲ್ಲಿಗೇ ನಿಂತ.

"ಮುಂದೆ?"

"ಬೇಡ ಬಿಡಿ ಮೇಡಂ. ಹೆಣ್ಣುಮಕ್ಕಳ ಮುಂದೆ ಓದೋ ಹಾಗಿಲ್ಲ."

"ಬರೆದಾಗ ಗುಂಪಲ್ಲಿ ಹೆಣ್ಣುಮಕ್ಕಳು ಇರಲಿಲ್ವಾ?"

ಒಬ್ಬೊಬ್ಬರಿಂದಲೂ ಅವರವರ ಮಾತನ್ನೇ ಓದಿಸಿದಳು. ಬೆರಳಲ್ಲಿ ಸಲೀಸಾಗಿ ಬಂದದ್ದು ಬಾಯಲ್ಲಿ ಬರಲೊಲ್ಲದು. ಬ್ಯಾಂಕಿನ ನೌಕರನೊಬ್ಬ ನಡುವೆ ನಾಲ್ಕು ಪದ ನುಂಗಿ ಓದಿದ. ದಫೇದಾರ ಹೆಗಲ ಮೇಲಿಂದ ಬಗ್ಗಿ ನೋಡಿ, ನುಂಗಿದ್ದನ್ನೂ ಓದಿಸಿದ. ಕಲ್ಲು ಹೊಡೆದವರು ನಾಲ್ವರು ಎಂದು ಮಧ್ಯಾಹ್ನದೊಳಗೆ ಗೊತ್ತಾಯಿತು. ಕಲ್ಲಿಗೂ ತಮಗೂ ಸಂಬಂಧವಿಲ್ಲ, ತಾವು ಅಭಿಪ್ರಾಯ ಹೇಳಿದ್ದಷ್ಟೇ ಎಂದು ಉಳಿದವರು ಮುಖ ಒರೆಸಿಕೊಂಡರು. ಇನ್‌ಸ್ಪೆಕ್ಟರ್ ಅವರ ಹೆಸರುಗಳನ್ನೂ ಬರೆಸಿಕೊಂಡಳು. ಕಲ್ಲೆತ್ತಿದವನ ಮೇಲೆ ಸಿಟ್ಟಾದರೂ ಬರುತ್ತದೆ. ಇವರ ಮೇಲೆ ಅವಳಿಗೆ ಅದೂ ಬರಲಿಲ್ಲ.

ನೊಂದ ತಾಯಿಯ ನಂಬರು ಕಲ್ಲು ಬಿದ್ದ ದಿನದಿಂದ ಸ್ವಿಚ್ ಆಫ್. ವಿವರ ಕೇಳಿ ಫೋನ್ ಕಂಪನಿಗೆ ಪತ್ರ ಹೋಯಿತು. ಉತ್ತರ ಬರುವ ತನಕ ಇನ್‌ಸ್ಪೆಕ್ಟರ್ ಆ ಸಂದೇಶವನ್ನು ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕೂತಳು.

"ಯಾರೋ ಓದುಬರಹ ಇಲ್ಲದವಳು ಮೇಡಂ," ದಫೇದಾರ ಹೇಳಿದ. "ಹಕಾರಾನೇ ಬರಲ್ಲ. ಹಾಲಿಗೆ ಆಲು, ಹೆಣಕ್ಕೆ ಎಣ."

"ದಿನಾ ನಮಗೆ ಬರೋ ದೂರುಗಳಲ್ಲಿ ಹೇಗಿರತ್ತೆ? 'ಹಾಕಿ' ಅನ್ನೋದನ್ನ 'ಆಕಿ' ಅಂತ ಬರೆದೋರು 'ಆದರೆ' ಅನ್ನೋದನ್ನ 'ಹಾದರೆ' ಅಂತಾರೆ. ಒಂದು ಕಡೆ ಬಿಡ್ತಾರೆ, ಇನ್ನೊಂದು ಕಡೆ ಸೇರಿಸ್ತಾರೆ. ಇವಳು ಹುಡುಕಿ ಹುಡುಕಿ ಒಂದೂ ಬಿಡದೆ ತೆಗೆದಿದ್ದಾಳೆ. ಬೇರೆ ಒಂದೂ ತಪ್ಪಿಲ್ಲ. ಇಲ್ಲಿ ನೋಡಿ, ಔಷಧ."

"ಸರಿಯಾಗೇ ಇದೆಯಲ್ಲ?"

"ಅದೇ ಹೇಳ್ತಿರೋದು. ನೀವು ಏನಂತೀರಿ?"

"ಔಷಧಿ."

"ನಾನೂ ಔಷಧೀನೇ. ಮೆಡಿಕಲ್ ಅಂಗಡಿ ಬೋರ್ಡಲ್ಲೂ ಔಷಧೀನೇ. ಇದು ಬರದೇ ಇರೋರು ಬರೆದಿದ್ದಲ್ಲ ರೀ. ಚೆನ್ನಾಗಿ ಬರೋನು ಬೇಕಂತಲೇ ಕೆಡಿಸಿದ್ದು."

ದಫೇದಾರ ಗುಂಪಿನ ಹಳೆಯ ಸಂದೇಶಗಳಲ್ಲಿ ಆ ಒಂದು ಪದ ಹುಡುಕಿದ. ಎಲ್ಲರದೂ ಔಷಧಿ. ಔಷಧ ಎಂದು ಬರೆದವನು ಒಬ್ಬನೇ: ಗುಂಪಿನ ಅಡ್ಮಿನ್. ವಿಮಾ ಕಚೇರಿಯಿಂದ ನಿವೃತ್ತನಾದವನು. ಪಾಠ ಹೇಳಿದವನಲ್ಲದಿದ್ದರೂ ಬಡಾವಣೆಯವರು ಅವನಿಗೆ ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದರು. ನೀರು ಬಂದಿಲ್ಲ ಎಂದು ಯಾರಾದರೂ ಬರೆದರೆ ಮೇಷ್ಟ್ರು ಅದರ ಕಾಗುಣಿತ ತಿದ್ದುತ್ತಿದ್ದ. ನೀರಿನ ಮಾತು ಅಲ್ಲೇ ಉಳಿಯುತ್ತಿತ್ತು.

ಶುಕ್ರವಾರ ಕಂಪನಿಯ ಉತ್ತರ ಬಂತು. ನಂಬರು ಮೇಷ್ಟ್ರ ಹೆಂಡತಿಯ ಹೆಸರಲ್ಲಿತ್ತು. ಹಾಲಿನಲ್ಲಿ ಏನೂ ಇಲ್ಲವೆಂಬ ವರದಿಯೂ ಅದೇ ದಿನ ಬಂತು.

ಇಬ್ಬರು ಪಂಚರೊಂದಿಗೆ ಇನ್‌ಸ್ಪೆಕ್ಟರ್ ಮನೆಗೆ ಹೋದಾಗ ಬಾಗಿಲು ತೆರೆದವಳು ಹೆಂಡತಿ.

"ನನ್ನ ಹೆಸರಲ್ಲಿ ನಂಬರ್ರಾ?" ಆಕೆ ಸೆರಗಿಗೆ ಕೈ ಒರೆಸಿಕೊಂಡಳು. "ನಂಗೆ ಫೋನ್ ಮುಟ್ಟೋಕೇ ಬಿಡಲ್ಲಮ್ಮ ಇವ್ರು. ತಪ್ಪುತಪ್ಪಾಗಿ ಬರೆದು ಮರ್ಯಾದೆ ಕಳೀತೀನಂತೆ."

ಪುಸ್ತಕದ ಕಪಾಟಿನ ಹಿಂದೆ ಎರಡನೇ ಫೋನು ಸಿಕ್ಕಿತು. ಅದರಲ್ಲಿ ಆ ಸಂದೇಶದ ಮೂರು ಕರಡುಗಳಿದ್ದವು. ಮೊದಲನೆಯದರಲ್ಲಿ ಹಾಲು ಹಾಲೇ ಆಗಿತ್ತು. ಪಂಚನಾಮೆ ಬರೆದು ಸಹಿ ಹಾಕಿಸಿದರು. ಮೇಷ್ಟ್ರು ಕುರ್ಚಿ ಬಿಟ್ಟು ಎದ್ದಿರಲಿಲ್ಲ.

"ಯಾಕೆ ಹೀಗೆ ಬರೆದ್ರಿ?"

"ಓದಿಲ್ಲದವಳು ಅತ್ತರೆ ಜನ ಬೇಗ ನಂಬುತ್ತಾರೆ," ಎಂದ ಮೇಷ್ಟ್ರು. ಆ ಬಿಡಿಸಿ ಬಿಡಿಸಿ ಆಡುವ ಮಾತಿನಲ್ಲಿ ಅಳುಕಿರಲಿಲ್ಲ. "ಕಲ್ಲು ಹೊಡೆಯಿರಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ಓದಿ ನೋಡಿ."

"ಓದಿದೀನಿ. ಒಬ್ಬಳ ಕಣ್ಣು ಹೋಗಿದೆ."

"ಅದಕ್ಕೆ ವಿಷಾದವಿದೆ."

ಅದನ್ನೂ ಅವನು ಅಡಿಗೆರೆ ಎಳೆದಂತೆ ಹೇಳಿದ. ಬಾರಿಸಬೇಕೆನಿಸಿತು ಇನ್‌ಸ್ಪೆಕ್ಟರಿಗೆ, ಆದರೆ ಚಪ್ಪಲಿ ಹಾಕಿಕೊಂಡು ಹೊರಡಿ ಎಂದಷ್ಟೇ ಹೇಳಿದಳು. ದಫೇದಾರ ಬಂಧನದ ಸಮಯ ಬರೆದುಕೊಂಡ. ಕಲ್ಲು ಹೊಡೆದ ನಾಲ್ವರು ಅಷ್ಟರಲ್ಲಾಗಲೇ ಲಾಕಪ್ಪಿನಲ್ಲಿದ್ದರು.

ಹೇಳಿಕೆ ಕೊಡುವಾಗ ಕಾರಣ ತಾನಾಗಿ ಬಂತು. ಎರಡು ವರ್ಷದ ಹಿಂದೆ ಗುಂಪಿನಲ್ಲಿ ಒಬ್ಬ ತಾಯಿ, ಮಗುವಿಗೆ ವಿಪರೀತ ಜ್ವರ, ಈ ಹೊತ್ತಲ್ಲಿ ಔಷಧಿ ಎಲ್ಲಿ ಸಿಗುತ್ತೆ ಎಂದು ಕೇಳಿದ್ದಳು. ಮೇಷ್ಟ್ರು ಎಂದಿನಂತೆ, ಔಷಧಿ ಅಲ್ಲ, ಔಷಧ ಎಂದು ಪದ ತಿದ್ದಿದ್ದ. ಆಗ ಶಿಶುಮನೆಯವಳು, "ಮೇಷ್ಟ್ರೇ, ಜ್ವರ ಬಂದಿರೋದು ಮಗೂಗೆ, ವ್ಯಾಕರಣಕ್ಕಲ್ಲ," ಎಂದು ಬರೆದಿದ್ದಳು. ಇಡೀ ಬಡಾವಣೆ ಅದಕ್ಕೆ ನಗುಮುಖ ಒತ್ತಿತ್ತು. ಆಮೇಲೆ ಅವನು ತಿದ್ದಿದಾಗಲೆಲ್ಲ ಯಾರಾದರೊಬ್ಬರು, ಮೇಷ್ಟ್ರೇ ಜ್ವರ ಯಾರಿಗೆ ಎಂದು ಕೇಳುತ್ತಿದ್ದರು. ಊಟಕ್ಕೆ ಮೊದಲು ದಿನವೂ ಆ ಸಂದೇಶ ತೆಗೆದು, ನಕ್ಕವರ ಹೆಸರು ನೋಡುತ್ತಿದ್ದೆ ಎಂದ.

ಸಂಜೆ ಇನ್‌ಸ್ಪೆಕ್ಟರ್ ಕಣ್ಣಿನ ಆಸ್ಪತ್ರೆಗೆ ಹೋಗಿ ಅಕ್ಕತಂಗಿಯರಿಗೆ ಮೇಷ್ಟ್ರ ವಿಷಯ, ಆ ಜ್ವರದ ಮಾತು ಎಲ್ಲ ತಿಳಿಸಿದಳು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ತಂಗಿ ಅವಳ ಹೊದಿಕೆ ಸರಿಮಾಡುತ್ತಿದ್ದವಳು ತಲೆಯೆತ್ತಿದಳು.

"ಹಾಗೆ ಬರೆದಿದ್ನಾ ಮೇಡಂ ನಾನು? ನನಗೆ ನೆನಪೇ ಇಲ್ಲ."