ಕೆಳಗಿನ ಡ್ರಾಯರಿನ ಆಟ

"ರೀ! ಏನ್ ಮಾಡ್ತಿದೀರ ನೀವು? ಮೊದಲು ಕೈ ತೆಗೀರಿ ಅದರಿಂದ!"

ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ ಕೆಳಗಿನ ಟೈಲರ್ ಅಂಗಡಿಯ ಹೊಲಿಗೆ ಮೆಷಿನ್ನಿನ ಸದ್ದೂ ಒಂದು ಕ್ಷಣ ನಿಂತುಹೋಯಿತು.

ನೆಲದ ಮೇಲೊಂದು ಬಿಳಿ ಬೆಡ್‌ಶೀಟು. ಅದರ ಮೇಲೆ ರಾಶಿ ರಾಶಿ ಬಿಲ್ಲೆಗಳು... ಕೆಂಪು, ಹಳದಿ, ನೀಲಿ, ಎಲ್ಲವೂ ಕಲಸಿಹೋಗಿದ್ದವು! ರಾಶಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಅಪರಿಚಿತನೊಬ್ಬ ಕೆಂಪು ಬಿಲ್ಲೆಗಳನ್ನು ಒಂದೊಂದಾಗಿ ಹೆಕ್ಕಿ, ಅಂಗೈಯಲ್ಲಿ ಎರಡು ಸಲ ಕುಲುಕಿ, ಪಕ್ಕಕ್ಕೆ ಎಸೆಯುತ್ತಿದ್ದ.



ಸಾವಿರದ ನೂರ ನಲವತ್ತಾರು ಬಿಲ್ಲೆ. ಮುನ್ನೂರ ಎಂಟು ಕಾರ್ಡು. ಮೂರು ಭಾನುವಾರಗಳ ಕೆಲಸ!

ಆ ಮಹಡಿಯ ಕೋಣೆ ಅವಳ ದೊಡ್ಡಮ್ಮನದು. ಲೈಬ್ರರಿಯ ಕೆಲಸದಿಂದ ನಿವೃತ್ತಿಯಾದ ಮೇಲೆ ದೊಡ್ಡಮ್ಮ ಅದನ್ನು ಆಟದ ಕೋಣೆ ಮಾಡಿದ್ದರು. ವಾರಕ್ಕೊಮ್ಮೆ ಹತ್ತಾರು ಜನ ಬಂದು, ಹೆಬ್ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧ ಮಾಡುತ್ತಿದ್ದರು. ಪ್ರತಿ ಗೊಂಬೆಗೂ ಒಂದು ಕಾರ್ಡು. ಏಟು ಬಿದ್ದರೆ ಕಾರ್ಡಿನ ಮೇಲೆ ಕೆಂಪು ಬಿಲ್ಲೆ, ದಣಿದರೆ ಹಳದಿ, ಅಂಜಿದರೆ ನೀಲಿ. ಐದು ಕೆಂಪು ಸೇರಿದರೆ ಆ ಗೊಂಬೆಯ ಕಥೆ ಮುಗಿಯಿತು. ನೀಲಿ ಇರುವವರೆಗೂ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ.

ಅವಳಿಗೆ ಆಟ ಬರುತ್ತಿರಲಿಲ್ಲ. ಆದರೆ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಏಳು ವರ್ಷ ಕಾಳು ಎಣಿಸಿದವಳು. ಆ ಅಲಮಾರಿಯ ಅವಸ್ಥೆ ನೋಡಿ ಸುಮ್ಮನಿರಲಾಗಲಿಲ್ಲ. ನಲವತ್ತೆರಡು ಖಾನೆ ಮಾಡಿ, ಒಂದೊಂದಕ್ಕೂ ಚೀಟಿ ಅಂಟಿಸಿದ್ದಳು.

ಈಗ ನಲವತ್ತೆರಡೂ ಖಾಲಿ!

"ಓ... ವಿಂಗಡಿಸಿದ್ದು ನೀವೇನಾ?" ತಲೆ ಎತ್ತದೆಯೇ ಕೇಳಿದ ಅವನು.

"ಹೌದು, ನಾನೇ. ಕಲಸಿದ್ದು ನೀವೇನಾ?"

"ಕೆಳಗಿನ ಡ್ರಾಯರ್ ಖಾಲಿ ಮಾಡಿದ್ದೂ ನೀವೇನಾ?"

"ಇನ್ಯಾರು? ಅತಿ ಗಲೀಜು ಇದ್ದಿದ್ದೇ ಅದರಲ್ಲಿ! ಗೊಂಬೆ ಒಂದು ಕಡೆ, ಕಾರ್ಡು ಒಂದು ಕಡೆ, ಮೇಲೆ ಬಿಲ್ಲೆ ಚೆಲ್ಲಿಕೊಂಡು..."

ಅವನು ತಲೆ ಎತ್ತಿದ. ಕಣ್ಣು ಕೆಂಪಗಾಗಿತ್ತು.

"ಗಲೀಜು," ಎಂದ ಮೆಲ್ಲಗೆ. "ನಿಮ್ಮಂಥವರಿಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಒಂದು ಡಬ್ಬಿ ಬೇಕು ಅಲ್ವಾ, ಡಬ್ಬಿ ಮೇಡಂ?"

ಹೆಕ್ಕಿದ ಬಿಲ್ಲೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಎದ್ದುನಿಂತ. "ಉಳಿದದ್ದನ್ನ ನಾಳೆ ಬಂದು ನಾನೇ ಜೋಡಿಸಿ ಕೊಡ್ತೀನಿ."

"ಏನೂ ಬೇಡ! ಇನ್ನೊಂದು ಸಲ ಮುಟ್ಟಿದ್ರೆ ನೋಡಿ!"

ಅವನು ದಡದಡನೆ ಮೆಟ್ಟಿಲಿಳಿದು ಹೋದ.

ಅವಳು ಅಲ್ಲೇ ಕುಸಿದು ಕೂತಳು. 'ಕ್ಷಮಿಸಿ ಅಂತ ಒಂದು ಮಾತು? ಊಹೂಂ! ಮೇಲೆ ಡಬ್ಬಿ ಮೇಡಂ ಅಂತೆ!'

ಲ್ಯಾಬಿನಲ್ಲೂ ಇದೇ ಕಥೆ. ಕಣ್ಣು ನೋಯಿಸಿಕೊಂಡು ಎಣಿಸುವವಳು ಇವಳು, ವರದಿಯ ಕೆಳಗೆ ಸಹಿ ಬೇರೆಯವರದು. 'ಅಯ್ಯೋ ಎಷ್ಟು ನೀಟು!' ಎಂದು ಎಲ್ಲರೂ ಹೊಗಳುತ್ತಾರೆ, ಹೊಗಳಿದವರೇ ಚೆಲ್ಲಿ ಹೋಗುತ್ತಾರೆ. ಕೆಲಸ ಅಂತ ಯಾರಿಗಾದರೂ ಅನಿಸಿದೆಯೇ ಇದು?

ಅಷ್ಟರಲ್ಲಿ ದೊಡ್ಡಮ್ಮ ತರಕಾರಿ ಚೀಲ ಹಿಡಿದು ಮೇಲೆ ಬಂದರು. ಬೆಡ್‌ಶೀಟು ನೋಡಿ ಅಲ್ಲೇ ನಿಂತರು.

"ದವಡೆ ಬಂದಿದ್ನೇನೇ?"

"ಯಾವ ದವಡೆ?"

"ಹಲ್ಲಿನ ಸೆಟ್ ಮಾಡೋ ಲ್ಯಾಬಿನವನು ಕಣೇ. ಇಲ್ಲಿ ಎಲ್ಲರೂ ಅವನನ್ನ ದವಡೆ ಅಂತಲೇ ಕರೆಯೋದು. ಆದ್ರೆ ಯಾಕೆ ಇದನ್ನೆಲ್ಲ..." ಮಾತು ಅರ್ಧಕ್ಕೇ ನಿಂತಿತು. ದೊಡ್ಡಮ್ಮನ ದೃಷ್ಟಿ ಅಲಮಾರಿಯ ಕೆಳಗಿನ ಡ್ರಾಯರಿನ ಮೇಲಿತ್ತು. "ಅದನ್ನೂ ಬಿಡಿಸಿದ್ಯಾ?"

"ಅಲಮಾರಿಯಲ್ಲಿ ಇರೋದೆಲ್ಲ ವಿಂಗಡಿಸು ಅಂದಿದ್ದು ನೀವೇ ಅಲ್ವಾ?"

ದೊಡ್ಡಮ್ಮ ಹಣೆ ಚಚ್ಚಿಕೊಂಡರು. "ನನ್ನ ಬುದ್ಧಿಗಿಷ್ಟು! ಅದು ನಡೀತಿದ್ದ ಆಟ ಕಣೇ. ಅರ್ಧಕ್ಕೆ ನಿಂತಿತ್ತು, ಅಷ್ಟೇ."

"ಯಾರ ಆಟ?"

"ಅವನದೂ ಅವನ ಸೋದರಮಾವನದೂ. ಗಡಿಯಾರ ರಿಪೇರಿ ಮಾಡ್ತಿದ್ರು ಅವರು. ಇವನನ್ನ ಸಾಕಿದವರೇ ಅವರು. ನಾಲ್ಕು ತಿಂಗಳ ಹಿಂದೆ, ಇನ್ನೇನು ಎರಡು ಮೂರು ನಡೆ ಇದೆ ಅನ್ನುವಾಗ... ಇದೇ ಕುರ್ಚಿಯಲ್ಲಿ ಲಕ್ವ ಹೊಡೀತು. ಬಲಗೈ ಹೋಯ್ತು, ಮಾತೂ ಹೋಯ್ತು. ಆಟವನ್ನ ಹಾಗೇ ಡ್ರಾಯರಿಗೆ ಇಳಿಸಿ ಇಟ್ಟ ಇವನು. ಮುಂದಿನ ಭಾನುವಾರ ಅವರು ಮೊದಲ ಸಲ ಮನೆಯಿಂದ ಹೊರಗೆ ಬರ್ತಿದಾರೆ. ಯಾಕೆ ಹೇಳು? ಆ ಆಟ ಮುಗಿಸೋಕೆ!"

ಅವಳು ಬೆಡ್‌ಶೀಟಿನ ಮೇಲಿದ್ದ ಕೆಂಪು ಬಿಲ್ಲೆಯೊಂದನ್ನು ಎತ್ತಿಕೊಂಡಳು.

"ಬಿಲ್ಲೆಗಳೂ ಅವರೇ ಕೈಯಾರೆ ಮಾಡಿದ್ದು. ಹಳೇ ಗಡಿಯಾರದ ಹಿತ್ತಾಳೆ ಕತ್ತರಿಸಿ, ಕೆಂಪು ಬಣ್ಣ ಬಳಿದು... ಇಪ್ಪತ್ತೇಳು."

ಅಂಗೈಯಲ್ಲಿ ಕುಲುಕುತ್ತಿದ್ದನಲ್ಲ... ತೂಕ ನೋಡುತ್ತಿದ್ದ! ಪ್ಲಾಸ್ಟಿಕ್ಕಿನ ನಡುವೆ ಹಿತ್ತಾಳೆ ಹುಡುಕುತ್ತಿದ್ದ! ಬಣ್ಣವೂ ಒಂದೇ, ಅಳತೆಯೂ ಒಂದೇ ಎಂದು ಅವನ್ನು ಬೇರೆ ಕೆಂಪು ಬಿಲ್ಲೆಗಳ ಜೊತೆ ಸುರಿದವಳು ತಾನೇ.

ನಾಚಿಕೆಯಾಯಿತು. ಮರುಕ್ಷಣವೇ ಸಿಟ್ಟು ದುಪ್ಪಟ್ಟಾಗಿ ಮರಳಿತು.

"ಅದನ್ನ ಹೇಳೋಕೆ ಬಾಯಿ ಇರಲಿಲ್ವಾ ಅವರಿಗೆ? ಡ್ರಾಯರಿಗೆ ಒಂದು ಚೀಟಿ ಅಂಟಿಸೋಕೆ ಏನಾಗಿತ್ತು? ನಿಮಗಾದ್ರೂ ನೆನಪು ಬೇಡ್ವಾ? ಎಲ್ಲರೂ ಸೇರಿ ನನ್ನ ಕೈಲಿ ಎಂಥ ಪಾಪ ಮಾಡಿಸಿಬಿಟ್ರಲ್ಲ ದೊಡ್ಡಮ್ಮ!"

ಹೇಳುತ್ತಲೇ ಅವಳು ಗಕ್ಕನೆ ಮಾತು ನಿಲ್ಲಿಸಿದಳು.

ನೋಟ್‌ಬುಕ್!

ಲ್ಯಾಬಿನ ಮೊದಲ ಪಾಠವೇ ಅದು. ಮಾದರಿಯನ್ನು ಮುಟ್ಟುವ ಮುಂಚೆ ಅದು ಹೇಗಿದೆಯೋ ಹಾಗೆ ಬರೆದುಕೊಳ್ಳಬೇಕು. ಡ್ರಾಯರಿನ ತಳದಲ್ಲಿ ಹತ್ತು ಸಾಲು, ಹತ್ತು ಮನೆಗಳ ಬಟ್ಟೆ ಹಾಸಿತ್ತು. ಥೇಟ್ ಅವಳು ದಿನವೂ ಮೊಳಕೆ ಎಣಿಸುವ ತಟ್ಟೆಯ ಹಾಗೆ. ಅಭ್ಯಾಸಬಲದಿಂದ ಅವಳ ಕೈ ಬರೆದುಕೊಂಡಿತ್ತು, ಯಾವ ಸಾಲು, ಯಾವ ಮನೆ, ಯಾವ ಗೊಂಬೆ, ಯಾವ ಕಾರ್ಡಿನ ಮೇಲೆ ಎಷ್ಟು ಬಿಲ್ಲೆ...

ಮರುದಿನ ಊಟದ ಬಿಡುವಿನಲ್ಲಿ ಅವಳು ಅವನ ಲ್ಯಾಬಿನ ಬಾಗಿಲು ತಳ್ಳಿದಳು.

ಗೋಡೆಯುದ್ದಕ್ಕೂ ಬಿಳಿ ಪ್ಲಾಸ್ಟರಿನ ದವಡೆಗಳು ಸಾಲಾಗಿ ಹಲ್ಲು ಕಿರಿಯುತ್ತಿದ್ದವು. ಪ್ರತಿಯೊಂದಕ್ಕೂ ಸಂಖ್ಯೆ, ಪ್ರತಿಯೊಂದಕ್ಕೂ ಚೀಟಿ!

"ಊರವರ ದವಡೆಗೆಲ್ಲ ಚೀಟಿ ಅಂಟಿಸ್ತೀರಿ! ನಿಮ್ಮ ಆಟಕ್ಕೆ ಒಂದು ಚೀಟಿ ಅಂಟಿಸೋಕೆ ಗೋಂದು ಖಾಲಿಯಾಗಿತ್ತಾ?"

ಮೇಣದ ಹಲ್ಲೊಂದನ್ನು ಕೆತ್ತುತ್ತಿದ್ದ ಅವನು ಬೆಚ್ಚಿ ತಿರುಗಿದ. "ನೀವಾ? ಇಲ್ಲಿಗೂ ಬೈಯೋಕೆ ಬಂದ್ರಾ?"

"ಹೌದು. ಬೈದು, ಆಮೇಲೆ ಇದನ್ನ ಕೊಟ್ಟು ಹೋಗೋಣ ಅಂತ ಬಂದೆ."

ನೋಟ್‌ಬುಕ್ಕನ್ನು ಅವನ ಮುಂದೆ ಬಡಿದಳು. ಅವನು ಓದಿದ. ಓದುತ್ತಾ ಹೋದಂತೆ ಹುಬ್ಬಿನ ಗಂಟು ಸಡಿಲವಾಯಿತು. ಇನ್ನೊಮ್ಮೆ ಮೊದಲಿಂದ ಓದಿದ.

"ಇದು... ಇದು ಪೂರ್ತಿ ಇದೆಯಲ್ರೀ!" ಎಂದ. "ನಿಮ್ಮ ಚೀಟಿ ಓದೋ ತಾಳ್ಮೆಯಿಲ್ಲದೆ ಎಲ್ಲ ಖಾನೆ ಸುರಿದು ಹುಡುಕಿದೆ, ಬಿಲ್ಲೆ ಇಪ್ಪತ್ತೇಳೂ ಸಿಕ್ವು. ಆದ್ರೆ ಎಲ್ಲಿಡೋದು? ನನಗೆ ಅರ್ಧವೂ ನೆನಪಿರಲಿಲ್ಲ. ಮಾವನಿಗೆ ಏನು ಹೇಳಲಿ ಅಂತ ನಿನ್ನೆಯಿಂದ..."

"ನಿನ್ನೆ ಇಷ್ಟು ಹೇಳಿದ್ರೆ ಆಗ್ತಿತ್ತಲ್ಲ."

"ನಿಮ್ಮನ್ನ ನೋಡಿದ್ರೆ ಹೇಳೋ ಧೈರ್ಯ ಬರಬೇಕಲ್ಲ! ಹೊಡೆಯೋಕೆ ಬಂದವರ ಹಾಗಿದ್ರಿ."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ಇಷ್ಟು ಬೇಗ ಸಿಟ್ಟು ಬಿಟ್ಟುಕೊಡಲು ಅವಳೇನು ಸುಲಭದವಳೇ?

ಶನಿವಾರ ಮಧ್ಯಾಹ್ನ ಇಬ್ಬರೂ ಆಟದ ಕೋಣೆಯಲ್ಲಿ ಎದುರುಬದುರು ಕೂತರು. ಅವಳು ಓದುತ್ತಿದ್ದಳು, ಅವನು ಇಡುತ್ತಿದ್ದ. ಗೊಂಬೆಯನ್ನು ಮನೆಯ ಮೇಲಿಡುವಾಗ ಅವನ ಬೆರಳುಗಳು ಎಷ್ಟು ಹಗುರವಾಗುತ್ತಿದ್ದವು! ನೋಡಬಾರದೆಂದುಕೊಂಡೇ ನೋಡುತ್ತಿದ್ದಳು.

"ಸಾಲು ಎರಡು, ಮನೆ ಏಳು. ಕುದುರೆ ಸರದಾರ, ನಿಮ್ಮ ಮಾವನ ಕಡೆ. ಕೆಂಪು ನಾಲ್ಕು."

ಅವನು ಮೂರು ಇಟ್ಟ.

"ನಾಲ್ಕು," ಎಂದಳು.

"ಮೂರಿರಲಿ ಬಿಡಿ."

"ಇರಲಿ ಬಿಡಿ ಅಂದ್ರೆ?"

"ನಾಲ್ಕಾದ್ರೆ ಇನ್ನೊಂದೇ ಏಟಿಗೆ ಸರದಾರ ಬೀಳ್ತಾನೆ, ಮಾವ ಸೋಲ್ತಾರೆ. ಇಷ್ಟೆಲ್ಲ ಅನುಭವಿಸಿ ಬರ್ತಿದಾರೆ ಪಾಪ. ಗೆಲ್ಲಲಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೋಟ್‌ಬುಕ್ಕನ್ನು ಫಟ್ಟನೆ ಮುಚ್ಚಿದಳು.

"ಪಾಪ ಅಂತೆ ಪಾಪ! ಅವರು ಬರ್ತಿರೋದು ಆಟ ಆಡೋಕಾ, ನಿಮ್ಮ ಹತ್ರ ಭಿಕ್ಷೆ ಇಸ್ಕೊಳ್ಳೋಕಾ? ಹೋಗಿದ್ದು ಅವರ ಕೈ ಮತ್ತೆ ಮಾತು. ಲೆಕ್ಕ ಹೋಗಿಲ್ಲ! ನಾಲ್ಕು ತಿಂಗಳಿಂದ ಎಲ್ಲರೂ ಅವರ ಬಾಯಿಗೆ ತುತ್ತಿಟ್ಟು 'ಪಾಪ' ಅಂದಿರ್ತಾರೆ. ನೀವೂ ಅಂದ್ರೆ ಇನ್ನು ಎದುರಾಳಿ ಅಂತ ಯಾರು ಉಳಿದ್ರು ಅವರಿಗೆ?"

ಕೆಳಗೆ ಹೊಲಿಗೆ ಮೆಷಿನ್ನು ಮಾತ್ರ ಓಡುತ್ತಿತ್ತು.

ಅವನ ಮುಷ್ಟಿಯಲ್ಲಿ ಒಂದು ಬಿಲ್ಲೆ ಉಳಿದಿತ್ತು. ಅದನ್ನು ತಿರುಗಿಸಿ ನೋಡಿದ. ಆಮೇಲೆ ಕೈಚಾಚಿ ಸರದಾರನ ಕಾರ್ಡಿನ ಮೇಲಿಟ್ಟ.

"ನಾಲ್ಕು," ಎಂದ. ಅವಳನ್ನು ನೋಡಿದ ನೋಟವೇ ಬೇರೆಯಾಗಿತ್ತು. "ಮುಂದೆ ಓದಿ."

ಅವಳು ಪುಟ ತೆರೆದಳು. ಅಕ್ಷರಗಳು ಯಾಕೋ ಸ್ವಲ್ಪ ಹೊತ್ತು ಕಣ್ಣಿಗೇ ಕಾಣಲಿಲ್ಲ.

ಭಾನುವಾರ. ಒಂದೊಂದು ಮೆಟ್ಟಿಲಿಗೂ ನಿಂತು, ಊರುಗೋಲು ಕುಟ್ಟುತ್ತಾ ಮಾವ ಮೇಲೆ ಬಂದರು. ಜೊತೆಗೆ ಹತ್ತಿ ಬಂದು ಕುರ್ಚಿ ಎಳೆಯಲು ಹೋದ ಕೆಳಗಿನ ಅಂಗಡಿಯ ಟೈಲರನ್ನು ಎಡಗೈ ಬೀಸಿ ತಡೆದು ತಾವೇ ಎಳೆದುಕೊಂಡು ಕೂತರು.

ಮೊದಲು ನೋಡಿದ್ದೇ ಸರದಾರನ ಕಾರ್ಡು.

ಎಡಗೈಯ ತೋರುಬೆರಳು ಬಿಲ್ಲೆಗಳ ಮೇಲೆ ಒಂದೊಂದಾಗಿ ಇಳಿಯಿತು. ಒಂದು... ಎರಡು... ಮೂರು... ಮಾವ ತಲೆ ಎತ್ತಿ ಅಳಿಯನ ಮುಖವನ್ನೇ ದಿಟ್ಟಿಸಿದರು.

ಬೆರಳು ಇನ್ನೊಮ್ಮೆ ಇಳಿಯಿತು. ನಾಲ್ಕು.

"ಸ...ರಿ," ಎಂದರು. ಮುಖದ ಅರ್ಧಭಾಗ ಮಾತ್ರ ನಕ್ಕಿತು. ಆ ಅರ್ಧದಲ್ಲೇ ಎಷ್ಟು ಬೆಳಕಿತ್ತು!

ಮೂರನೇ ನಡೆಗೆ ಸರದಾರ ಬಿದ್ದ. ಮಾವ ಸೋತರು.

ಸೋತ ಸಿಟ್ಟಿಗೆ ಎಡಗೈಯಿಂದ ಮೇಜನ್ನು ಧಡ್ಡನೆ ಗುದ್ದಿದರು! ಗೊಂಬೆಗಳೆಲ್ಲ ಉರುಳಿಬಿದ್ದವು. ಗೊರಗೊರ ಬೈಯುತ್ತಾ ಅಲಮಾರಿಯತ್ತ ಬೆರಳು ತೋರಿಸಿದರು. ಇನ್ನೊಂದು ಆಟ ಹೂಡು ಎಂದು ಅದರ ಅರ್ಥ.

"ನೋಡ್ರೀ, ಬೈತಿದಾರೆ!" ಅವನು ನಗುತ್ತಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು. "ಮಾವ ನನ್ನ ಬೈದು ನಾಲ್ಕು ತಿಂಗಳಾಗಿತ್ತು!"

ಎರಡನೇ ಆಟಕ್ಕೆ ಮುಂಚೆ ದೊಡ್ಡಮ್ಮ ಮಾವನನ್ನೂ ಟೈಲರನ್ನೂ ಚಹಾ ಕೊಡಲು ಒಳಕೋಣೆಗೆ ಕರೆದೊಯ್ದರು. ಇಬ್ಬರೇ ಉಳಿದರು.

"ಇನ್ನೂ ಸಿಟ್ಟಿದೆಯಾ?" ಕೇಳಿದ.

"ಇದೆ. ಸಾವಿರದ ನೂರು ಬಿಲ್ಲೆ ಎರಡನೇ ಸಲ ವಿಂಗಡಿಸಿದೀನಿ ನಾನು."

"ಹಾಗಾದ್ರೆ ಕೆಳಗಿನ ಡ್ರಾಯರ್ ಸ್ವಲ್ಪ ತೆಗೀರಿ."

ಡ್ರಾಯರಿನ ಮುಂದೆ ಹೊಸ ಚೀಟಿ: 'ಆಟ ನಡೆಯುತ್ತಿದೆ. ಮುಟ್ಟಬೇಡಿ.' ಒಳಗೆ ಹತ್ತು ಸಾಲಿನ ಬಟ್ಟೆಯ ಮೇಲೆ ಎರಡೇ ಗೊಂಬೆಗಳು. ಒಂದು ಹೆಣ್ಣು. ಬಿಳಿ ಕೋಟು, ಕಿವಿಯ ಹಿಂದೆ ಪೆನ್ನು, ಎದೆಗವಚಿದ ಸಾಸಿವೆಯಷ್ಟು ನೋಟ್‌ಬುಕ್ಕು. ಹಲ್ಲು ಕೆತ್ತುವ ಉಳಿಯಲ್ಲೇ ಕೆತ್ತಿದ್ದ. ಪಕ್ಕದಲ್ಲಿ ಕೈಬರಹದ ಕಾರ್ಡು: 'ಬಲ ಹತ್ತು. ಕಣ್ಣು ಹತ್ತು. ತಾಳ್ಮೆ ಎರಡು.'

"ತಾಳ್ಮೆ ಎರಡಾ?" ಅವಳು ಸಿಡಿದಳು. "ಏಳು ವರ್ಷ ಬೀಜ ಎಣಿಸಿದವಳಿಗೆ ಎರಡಾ?"

"ಸರಿ, ಮೂರು ಮಾಡೋಣ."

"ಚೀಟಿ ಬೇರೆ ವಾರೆಯಾಗಿ ಅಂಟಿಸಿದೀರ! ಮತ್ತೆ... ಇದು ಯಾರು?"

ಇನ್ನೊಂದು ಗೊಂಬೆ ಗಂಡು. ಅದರ ಕಾರ್ಡಿನಲ್ಲಿ ಏನೂ ಬರೆದಿರಲಿಲ್ಲ. ಒಂದು ನೀಲಿ ಬಿಲ್ಲೆ ಮಾತ್ರ ಇತ್ತು.

"ನಾನು," ಎಂದ. ನಗು ಆರಿಹೋಗಿತ್ತು. "ನಿನ್ನೆಯಿಂದ ಅಲ್ಲೇ ನಿಂತಿದೀನಿ. ನೀವು ಇಷ್ಟ ರೀ ನನಗೆ. ನಿಮ್ಮ ಸಿಟ್ಟು ಸಮೇತ. ಅದನ್ನ ಹೇಳಿದ್ರೆ ನೀವು ಎದ್ದು ಹೋಗ್ತೀರೇನೋ ಅನ್ನೋ ಅಂಜಿಕೆ. ಅದಿರೋವರೆಗೂ ಮುಂದೆ ಹೆಜ್ಜೆ ಇಡೋ ಹಾಗಿಲ್ಲ. ನಿಯಮ."

ಅವಳ ಕೆನ್ನೆ ಸುಡುತ್ತಿತ್ತು. ಆ ನೀಲಿ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ಅಲಮಾರಿಯ ಮುಂದೆ ಹೋಗಿ, ನೀಲಿಗಳ ಖಾನೆ ತೆರೆದು, ಅದರೊಳಗೆ ಟಕ್ಕೆಂದು ಹಾಕಿ ಮುಚ್ಚಿದಳು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಮೇಡಂ..." ಎಂದ. "ಬರೆದುಕೊಳ್ಳದೇ ತೆಗೆದುಬಿಟ್ರಲ್ಲ?"

"ವಾಪಸ್ ಇಡೋದಿದ್ರೆ ತಾನೇ ಬರೆದುಕೊಳ್ಳಬೇಕು?" ಎಂದಳು ಅವಳು. "ಈಗ ನಡೆ ನಿಂದು. ಬಾ."