ಬಲಗೈಯ ದಾದಿ

ಧಾರಾವಾಹಿ ಬರಹಗಾರ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಂತಿದ್ದ. ಹಿಂದಲೆ ಒಡೆದಿತ್ತು. ರಕ್ತ ಹಾಳೆಗಳ ಅಂಚಿನವರೆಗೆ ಹರಿದು ಹೆಪ್ಪುಗಟ್ಟಿತ್ತು. ಹಾಳೆ ಹಾರದಂತೆ ಇಡುವ ಕಲ್ಲು ನೆಲದ ಮೇಲಿತ್ತು.

ಇನ್‌ಸ್ಪೆಕ್ಟರ್ ಬಗ್ಗಿ, ಹೆಣದ ಮೊಣಕೈ ಕೆಳಗಿದ್ದ ಚೀಟಿ ಎಳೆದಳು. ಪ್ರಿಂಟ್ ಮಾಡಿದ ಎರಡೇ ಸಾಲು, ಅಂಚಿನಲ್ಲೊಂದು ಮಸಿಗೆರೆ.

“ನೂರು ಕೂಸುಗಳನ್ನು ಭೂಮಿಗೆ ತಂದ ಅವಳ ಬಲಗೈಯಿಂದಲೇ ನೀನು ವಿಷ ಹಾಕಿಸಿದೆ. ಅದಕ್ಕೆ ಈ ಶಿಕ್ಷೆ.”

“ಯಾರವಳು?”

“ದಾದಿ, ಮೇಡಂ.” ಹೆಣ ಮೊದಲು ಕಂಡವನು ಸತ್ತವನ ತಮ್ಮ. ಇಬ್ಬರೂ ಕೂಡಿ ಬರೆಯುತ್ತಿದ್ದರು. “ಹಳೇ ಕಾದಂಬರಿಯ ಪಾತ್ರ. ಅದರಲ್ಲಿ ದೇವತೆಯಂಥವಳು. ಧಾರಾವಾಹಿಯಲ್ಲಿ ಕೊಲೆಗಾತಿ ಮಾಡಿದ್ವಿ. ಅಭಿಮಾನಿಗಳು ಕೆಂಡ ಕಾರಿದ್ರು. ನೋಡಿ, ಎರಡು ಡಬ್ಬ ಪತ್ರ. ಅಣ್ಣ ಓದ್ತಿದ್ದ. ನಾನು ಮುಟ್ತಿರಲಿಲ್ಲ.”

*

ಡಬ್ಬದಲ್ಲಿ ಎಲ್ಲಕ್ಕಿಂತ ಮೇಲಿದ್ದ ಪತ್ರವೇ ಇನ್‌ಸ್ಪೆಕ್ಟರನ್ನು ಒಂದು ಹೊಲಿಗೆ ಅಂಗಡಿಗೆ ಕರೆದೊಯ್ದಿತು. “ಅವಳನ್ನು ಕೆಡಿಸಿದವನು ನೆಲ ಕಚ್ಚಲಿ” ಎಂದು ಟೈಲರಮ್ಮ ವಿಳಾಸ ಸಮೇತ ಬರೆದಿದ್ದಳು. ದಾದಿಯ ಬಗ್ಗೆ ತಾನೇ ಕಥೆ ಕಟ್ಟಿ ಇಂಟರ್ನೆಟ್ಟಿಗೂ ಹಾಕುತ್ತಿದ್ದಳು.

“ನೀವೇ ಬರೆದದ್ದಾ, ಅಮ್ಮ?”

“ಹೂಂ.” ಯಂತ್ರ ನಿಂತಿತು. “ಹೊಟ್ಟೆ ಉರಿದು ಬರೆದೆ. ಮನೆಯವರು ತೀರ್ಕೊಂಡ ವರ್ಷ ಆ ಪುಸ್ತಕ ಹಿಡ್ಕೊಂಡೇ ದಿನ ದೂಡಿದ್ದೆ. ಕೈ ಎತ್ತೋಳಲ್ಲ ನಾನು.”

ಇನ್‌ಸ್ಪೆಕ್ಟರ್ ಚೀಟಿಯ ಫೋಟೊ ತೋರಿಸಿದಳು. ಟೈಲರಮ್ಮ ಎರಡು ಸಲ ಓದಿದಳು. ಹುಬ್ಬು ಗಂಟಿಕ್ಕಿತು.

“ಇದು ನಮ್ಮೋರು ಬರೆದಿದ್ದಲ್ಲ. ದಾದಿ ಎಡಚಿ. ನಟಿಗೆ ಎಡಗೈ ಓಡಲ್ಲ ಅಂತ ಟೀವಿಯೋರು ಬಲಗೈ ಮಾಡಿದ್ರು. ನಮ್ಮ ಜಗಳ ಶುರುವಾಗಿದ್ದೇ ಅಲ್ಲಿಂದ.”

ಠಾಣೆಗೆ ಮರಳಿ ಇನ್‌ಸ್ಪೆಕ್ಟರ್ ಎರಡೂ ಡಬ್ಬ ಸುರಿದುಕೊಂಡಳು. ಹೆಚ್ಚುಕಮ್ಮಿ ಎಲ್ಲ ಪತ್ರಗಳಲ್ಲೂ ಎಡಗೈಯದೇ ದೂರು. ತಳದಲ್ಲಿ, ಅಂಚೆಗೆ ಹಾಕದ ಒಂದು ಲಕೋಟೆ. ಸತ್ತವನ ಕೈಬರಹ. ಓದಿ ಮುಗಿಸಿ ತಮ್ಮನನ್ನು ಕರೆಸಿದಳು.

*

“ಕಾದಂಬರಿ ಓದಿದ್ದೀರಾ?” ಎಂದು ತಮ್ಮನನ್ನು ಕೇಳಿದಳು.

“ಓದದೆ ಬರೀತೀವಾ?”

“ದಾದಿ ಯಾವ ಕೈಯಲ್ಲಿ ಕೆಲಸ ಮಾಡ್ತಾಳೆ?”

“ಬಲಗೈ. ಯಾಕೆ?”

“ಪುಸ್ತಕದಲ್ಲಿ ಎಡಗೈ. ಯಾವ ಅಭಿಮಾನಿಯೂ ಅದನ್ನ ತಪ್ಪಾಗಿ ಬರೆಯಲ್ಲ. ಟೀವಿಯ ದಾದಿಯನ್ನ ಮಾತ್ರ ಬಲ್ಲವನು ಈ ಚೀಟಿ ಬರೆದ, ಕೊಲೆನ ಅಭಿಮಾನಿಗಳ ತಲೆಗೆ ಕಟ್ಟೋಕೆ. ಬರೆಯೋ ಕೋಣೆಯ ಬೀಗ ಒಡೆದಿಲ್ಲ. ಇನ್ನೊಂದು ಕೀಲಿ ಇರೋದು ನಿಮ್ಮ ಹತ್ರ. ಚೀಟಿಯ ಅಂಚಿನ ಮಸಿಗೆರೆ ನಿಮ್ಮ ಪ್ರಿಂಟರ್‌ದು.” ಲಕೋಟೆ ಮುಂದೆ ತಳ್ಳಿದಳು. “‘ದಾದಿಯನ್ನ ಮೊದಲಿನ ಹಾಗೆ ಮಾಡ್ತೀನಿ, ತಮ್ಮನನ್ನ ಬರವಣಿಗೆಯಿಂದ ಬಿಡಿಸ್ತೀನಿ’ ಅಂತಿದೆ. ನಿಮ್ಮಣ್ಣ ಒಬ್ಬ ಅಭಿಮಾನಿ ಟೈಲರಮ್ಮನಿಗೆ ಬರೆದದ್ದು.”

ತಮ್ಮ ಲಕೋಟೆಯನ್ನು ವಾಪಸ್ ತಳ್ಳಿದ.

“ಹತ್ತು ವರ್ಷ ಅವನ ಬಾಲ ಹಿಡ್ಕೊಂಡು ಬರೆದೆ,” ಎಂದ. “ನಂದು ಅಂತ ಇದ್ದದ್ದು ಆ ಕೊಲೆಗಾತಿ ಒಬ್ಬಳೇ. ಅಳಿಸ್ತೀನಿ ಅಂದ. ನನ್ನ ಕಡೆ ಬೆನ್ನು ಮಾಡಿ ಅಳಿಸೋಕೆ ಕೂತ.”

*

ಲಕೋಟೆಯಲ್ಲಿದ್ದ ಪತ್ರದ ಪ್ರತಿ ಕೊಡಲು ಹೋದಾಗ ಸಂಜೆಯಾಗಿತ್ತು. ಟೈಲರಮ್ಮ ಓದಿ ಕಣ್ಣೊರೆಸಿಕೊಂಡಳು.

“ಅಂದ್ರೆ ಇನ್ನು ಅವಳನ್ನ ಸರಿಮಾಡೋರು ಇಲ್ಲ?”

ಎದುರಿನ ಅಂಗಡಿಯ ಟೀವಿಯಲ್ಲಿ ಅಗಲಿದ ಬರಹಗಾರನ ಭಾವಚಿತ್ರ ಬಂತು. ಕೊಲೆಯ ಸುದ್ದಿಯಿಂದ ಧಾರಾವಾಹಿ ನೋಡುವವರು ದುಪ್ಪಟ್ಟಾಗಿದ್ದರು. ವೀಕ್ಷಕರ ಒತ್ತಾಯದ ಮೇರೆಗೆ ದಾದಿಯ ಕೊಲೆಗಳು ಇನ್ನೊಂದು ವರ್ಷ ಮುಂದುವರಿಯಲಿವೆ ಎಂದು ವಾಹಿನಿ ಸಾರಿತು.