ಹೊನ್ನಾವರಿಕೆಗೆ ಕೊಟ್ಟ ಮಾತು

“ಹೋಯ್! ನೀರು ಹಾಕಬ್ಯಾಡ್ರಿ... ಸಾಯ್ತಾವ!”

ಪ್ರಖ್ಯಾತ್ ಬೆಚ್ಚಿಬಿದ್ದ. ಮಣಿಪಾಲದ ಕಾಲೇಜಿಗೆ ಸಸಿ ತಂದಿದ್ದವನು, ಅಲ್ಲಿನ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆಯ ಬಯಲಿನ ಒಣ ಗಿಡಗಳನ್ನು ಕಂಡು ಪಾಪವೆಂದು ಕೊಡ ಎತ್ತಿದ್ದ. ಅಲೆವೂರಿನ ನರ್ಸರಿಯವನಿಗೇ ಪಾಠ!

“ನೀರು ಬೇಡದ ಗಿಡ ಎಂತದ್ದು ಮಾರಾಯ್ತಿ?”

“ಹೊನ್ನಾವರಿಕೆ ರೀ. ನಮ್ಮ ಇಳಕಲ್ ಕಡೆ ಬರಗಾಲದಾಗೂ ಹೂ ಬಿಡ್ತೈತಿ. ಹಳದಿ ಪಾತರಗಿತ್ತಿ ಇದರಾಗ ತತ್ತಿ ಇಡ್ತಾವ.”

ಶರಣಮ್ಮ ದೀಪಾವಳಿ ಮುಗಿಸಿ ಕಾಲೇಜಿನ ತೋಟದ ಕೆಲಸಕ್ಕೆ ಬಂದವಳು. ತೀರಿಹೋದ ಅವ್ವ ಕೂಡಿಟ್ಟ ಬೀಜದಿಂದ ಹನ್ನೊಂದು ಗಿಡ ಎಬ್ಬಿಸಿ, ಆ ಬಯಲಿನಲ್ಲಿ ಗುಂಡಿ ತೋಡಿ ನೆಟ್ಟಿದ್ದಳು. ಅಂದಿನಿಂದ ಪ್ರಖ್ಯಾತನಿಗೆ ದಿನಾ ಸಂಜೆ ಆ ಬಯಲಿನಲ್ಲೇ ಕೆಲಸ! ಅವನ ಬೈಕಿನ ಸದ್ದಿಗೆ ಅವಳೆದೆಯೂ ಡವಡವ...

ಮಳೆಗಾಲದ ಹೊಸ್ತಿಲಲ್ಲಿ, ಕಾರಹುಣ್ಣಿಮೆ ಹಬ್ಬಕ್ಕೆ ಊರಿಗೆ ಹೊರಟಾಗ ಮಾತು ತೆಗೆದುಕೊಂಡಳು.

“ಒಂದು ಗಿಡಾನೂ ಕದಲಿಸಬ್ಯಾಡ್ರಿ. ಮತ್ತ... ಊರಾಗ ಅಪ್ಪನ ಮುಂದ ಇರ್ತೀನಿ, ಫೋನ್ ಮಾಡಬ್ಯಾಡ್ರಿ.”

“ಆಯ್ತು, ದೇವರಾಣೆ.”

ಹತ್ತು ದಿನ ಬಿಟ್ಟು ಬಂದರೆ ಬಯಲು ಬೋಳು! ಒಂದು ಗಿಡವೂ ಇಲ್ಲ!

“ಪ್ರಖ್ಯಾತನ ಟೆಂಪೋ ಬಂದಿತ್ತಲ್ಲ, ಅಗೆದು ತುಂಬಿಸಿಕೊಂಡು ಹೋದ,” ಎಂದ ವಾಚ್‌ಮನ್ ಡೊಮಿನಿಕ್.

ಮಾರಿಬಿಟ್ಟನೇ? ಪ್ರೀತಿಯೆಲ್ಲ ನಾಟಕವೇ? ಗುಂಡಿಗಳಲ್ಲಿ ತುಂಬಿ ನಿಂತಿದ್ದ ಮಳೆನೀರು ಅವಳಿಗೆ ಕಾಣಲೇ ಇಲ್ಲ. ಕಣ್ಣಲ್ಲೇ ನೀರಿದ್ದರೆ ಹೇಗೆ ಕಂಡೀತು!

ಮಳೆಯಲ್ಲಿ ನೆನೆಯುತ್ತಲೇ ನರ್ಸರಿಗೆ ನುಗ್ಗಿದಳು.

“ನಂಬಿಸಿ ಕುತ್ತಿಗಿ ಕೊಯ್ದ್ರಲ್ಲ! ಅವ್ವನ್ನ ಇನ್ನೊಮ್ಮೆ ಮಣ್ಣು ಮಾಡಿದಂಗಾತು ನನಗ!”

ಪ್ರಖ್ಯಾತ್ ಪ್ಲಾಸ್ಟಿಕ್ ಸೂರಿನ ಚಪ್ಪರದ ಬಾಗಿಲು ತೆರೆದ. ಮಾರಾಟದ ಆರ್ಕಿಡ್‌ಗಳೆಲ್ಲ ಹೊರಗೆ ಮಳೆಯಲ್ಲಿದ್ದವು. ಒಳಗೆ, ಮರಳು ತುಂಬಿದ ಕುಂಡಗಳಲ್ಲಿ... ಅವಳ ಹೊನ್ನಾವರಿಕೆ! ಎಲೆಯ ಮೇಲೆ ಪಾತರಗಿತ್ತಿಯ ಹಸಿರು ಹುಳವೊಂದು ನೆಮ್ಮದಿಯಾಗಿ ಮೇಯುತ್ತಿತ್ತು.

“ಮುರಕಲ್ಲಲ್ಲಿ ತೋಡಿದ ಗುಂಡಿ ನಮ್ಮ ಮಳೆಗೆ ಬಾವಿಯೇ, ಶರಣಮ್ಮ. ನೀನು ಇಲ್ಲಿನ ಮಳೆ ನೋಡಿದ್ದುಂಟಾ? ಬೇರು ಕೊಳೆಯಲು ಶುರುವಾಗಿತ್ತು. ಫೋನ್ ಬೇಡ ಅಂದಿದ್ದೆಯಲ್ಲ... ಕೇಳದೆಯೇ ಗಿಡ ಕದಲಿಸಿ ಮಾತು ಮುರಿದೆ. ಆದರೂ ಎರಡು ಉಳಿಯಲಿಲ್ಲ. ತಪ್ಪಾಯ್ತು.”

ಛೇ! ನೀರು ಹೆಚ್ಚಾದರೆ ಸಾಯುವ ಗಿಡವನ್ನು ಬಾವಿಗಿಳಿಸಿದವಳು ತಾನು. ಬೈದದ್ದು ಇವನನ್ನು!

“ಒಂಬತ್ತು ಉಳಿಸಿದವರಿಗೆ ಹಂಗ ಅಂದೆನಲ್ರಿ...”

“ಬೈ ಮಾರಾಯ್ತಿ. ಹತ್ತು ದಿನ ನಿನ್ನ ಸ್ವರ ಕೇಳದೆ ನಾನೇ ಬಾಡಿದ್ದೆ. ನೀನಂದ್ರೆ ನನಗೆ ಅಷ್ಟು ಇಷ್ಟ.”

ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಮುಂದಿನ ಕಾರಹುಣ್ಣಿಮಿಗೆ ಗಿಡ ನೋಡಿಕೊಳ್ಳಾಕ ನಿಮ್ಮ ಅಮ್ಮಗ ಹೇಳ್ರಿ.”

“ಯಾಕೆ? ನಾನಿಲ್ವಾ?”

“ನೀವು ಇಳಕಲ್‌ನಾಗ ಇರ್ತೀರಿ... ನಮ್ಮಪ್ಪನ ಮುಂದ.”